ಹಳೆಯ ವಿಬಿ6 ತಂತ್ರಾಂಶವನ್ನು ಬದಲಿಸಬೇಕೆ? ಮೊದಲು ಡೇಟಾದೊಳಗಿನ ಕನ್ನಡವನ್ನು ನೋಡಿ

ಪತ್ತಿನ ಸಹಕಾರ ಸಂಘವೊಂದರ ಕೌಂಟರಿನಲ್ಲಿ ಇಪ್ಪತ್ತು ವರ್ಷಗಳಿಂದ ಓಡುತ್ತಿರುವ ವಿಷುಯಲ್ ಬೇಸಿಕ್ 6 (ವಿಬಿ6) ಪ್ರೋಗ್ರಾಮು. ಅದರ ಹಿಂದೆ ಒಂದು ಆಕ್ಸೆಸ್ ಡೇಟಾಬೇಸು. ಪ್ರೋಗ್ರಾಮನ್ನು ಬದಿಗಿಟ್ಟು ಆ ಡೇಟಾಬೇಸನ್ನೇ ನೇರವಾಗಿ ತೆರೆದು, ಹೆಸರಿನ ಕಾಲಮ್ಮಿಗೆ ಏರಿಯಲ್ ಫಾಂಟ್ ಕೊಟ್ಟು ನೋಡಿ. ತೆರೆಯ ಮೇಲೆ 'ಕನ್ನಡ' ಎಂದು ಕಾಣುತ್ತಿದ್ದ ಪದದ ಜಾಗದಲ್ಲಿ ಏಳು ಚಿಹ್ನೆಗಳು ಸಿಗುತ್ತವೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಓರೆಗೆರೆಯ ಎ. ಪಿ ಎಂದರೆ ಕ ಅಕ್ಷರದ ಕೆಳಭಾಗ, ಓರೆಗೆರೆಯ ಎ ಎಂದರೆ ತಲೆಕಟ್ಟು, ಜೋಡಿ ಎಸ್ ಎಂದರೆ ನ ಒತ್ತು. ನುಡಿ ಅಥವಾ ಬರಹ ಫಾಂಟ್ ಹಾಕಿದಾಗ ಇದು ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿನ ಪಾಲಿಗೆ ಇದು ಎಂದೂ ಕನ್ನಡವಾಗಿರಲಿಲ್ಲ.

ಇಂಥ ತಂತ್ರಾಂಶ ಇಟ್ಟುಕೊಂಡವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ವಿಬಿ6 ಹಳತಾಯಿತು, ಮೈಕ್ರೋಸಾಫ್ಟಿನ ಹೊಸ ವೇದಿಕೆಯಾದ ಡಾಟ್‌ನೆಟ್‌ಗೆ ಹೋಗಬೇಕೆ? ನನ್ನ ಪ್ರಕಾರ ಇದರೊಳಗೆ ಎರಡು ಪ್ರಶ್ನೆಗಳಿವೆ, ಅವುಗಳನ್ನು ಬಿಡಿಸಿಕೊಳ್ಳದೆ ತೀರ್ಮಾನಕ್ಕೆ ಬರಬಾರದು. ಪ್ರೋಗ್ರಾಮು ಹಳೆಯದು ಎಂಬುದು ಒಂದು ಮಾತು. ಡೇಟಾ ಹಳೆಯ ಸಂಕೇತದಲ್ಲಿ ಕೂತಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅವಸರವಿಲ್ಲ. ಎರಡನೆಯದು ದಿನ ಕಳೆದಂತೆ ದುಬಾರಿಯಾಗುತ್ತದೆ, ಯಾಕೆಂದರೆ ಪ್ರತಿದಿನವೂ ಅದೇ ಸಂಕೇತದಲ್ಲಿ ಹೊಸ ಹೆಸರುಗಳು ಸೇರುತ್ತಲೇ ಇರುತ್ತವೆ.

ಮೊದಲು ಪ್ರೋಗ್ರಾಮಿನ ವಯಸ್ಸಿನ ಮಾತು ಮುಗಿಸೋಣ. ವಿಬಿ6 ಬಂದದ್ದು 1998ರಲ್ಲಿ. ಕೋಡ್ ಬರೆಯುವ ಪರಿಸರಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2008ರ ಏಪ್ರಿಲ್‌ನಲ್ಲಿ. ಆದರೆ ತಯಾರಾದ ಪ್ರೋಗ್ರಾಮನ್ನು ಓಡಿಸುವ ರನ್‌ಟೈಮ್ ಇವತ್ತಿಗೂ ವಿಂಡೋಸ್ 11ರ ಜೊತೆಯಲ್ಲೇ ಬರುತ್ತದೆ. 32 ಬಿಟ್ ಪ್ರೋಗ್ರಾಮಾಗಿ ಅದು 64 ಬಿಟ್ ವಿಂಡೋಸ್‌ನಲ್ಲಿ ಓಡುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿದ ಮೇಲೆ ಹೊಸ ಯಂತ್ರಗಳು ಬರುತ್ತಿವೆ, 'ಹೊಸ ಯಂತ್ರದಲ್ಲಿ ಹಳೆಯ ಸಾಫ್ಟ್‌ವೇರ್ ಓಡುವುದಿಲ್ಲ' ಎಂದು ಹೆದರಿಸಿ ಮಾರುವವರೂ ಬರುತ್ತಿದ್ದಾರೆ. ಅದನ್ನು ನಂಬಿ ಸಹಿ ಹಾಕಬೇಡಿ.

ಓಡುತ್ತದೆ ಎಂದ ಮಾತ್ರಕ್ಕೆ ಹಾಗೆಯೇ ಓಡುತ್ತದೆ ಎಂದಲ್ಲ. ಸಿಕ್ಕಿಹಾಕಿಕೊಳ್ಳುವ ಜಾಗಗಳು ಗೊತ್ತಿರುವಂಥವು. ಗ್ರಿಡ್, ಟ್ರೀವ್ಯೂ, ಕ್ಯಾಲೆಂಡರ್‌ಗಳ ಓಸಿಎಕ್ಸ್ ಫೈಲುಗಳು (ತೆರೆಯ ಬಿಡಿಭಾಗಗಳು) ವಿಂಡೋಸ್ ಜೊತೆ ಬರುವುದಿಲ್ಲ. ಹಳೆಯ ಯಂತ್ರದಿಂದ ನಕಲು ಮಾಡಿ, ಸಿಸ್‌ವಾವ್64 ಫೋಲ್ಡರಿಗೆ ಹಾಕಿ, ಅದೇ ಫೋಲ್ಡರಿನ ರೆಗ್‌ಎಸ್‌ವಿಆರ್32ರಿಂದ, ಅಡ್ಮಿನಿಸ್ಟ್ರೇಟರ್ ಆಗಿ ನೋಂದಾಯಿಸಬೇಕು. ಸಿಸ್ಟಮ್32ಗೆ ಹಾಕಿದರೆ ಕೆಲಸ ಮಾಡುವುದಿಲ್ಲ, ಹೆಸರು ಏನೇ ಹೇಳಲಿ ಅದು 64 ಬಿಟ್ ಫೈಲುಗಳ ಜಾಗ. ಪಾಸ್‌ಬುಕ್ಕನ್ನು ನೇರವಾಗಿ ಹಳೆಯ ಪ್ರಿಂಟರ್ ಪೋರ್ಟಾದ ಎಲ್‌ಪಿಟಿ1ಕ್ಕೆ ಕಳಿಸುವ ಕೋಡಿದ್ದರೆ, ಹೊಸ ಯಂತ್ರದಲ್ಲಿ ಆ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಶೇರ್ ಮಾಡಿ, ನೆಟ್ ಯೂಸ್ ಆದೇಶದಿಂದ ಎಲ್‌ಪಿಟಿ1 ಹೆಸರನ್ನು ಆ ಶೇರಿಗೆ ಕಟ್ಟಿದರೆ ಪ್ರೋಗ್ರಾಮಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನು ನಾಲ್ಕೈದು ಯಂತ್ರಗಳು ಆಕ್ಸೆಸ್ ಡೇಟಾಬೇಸಿನ ಒಂದೇ ಎಂಡಿಬಿ ಫೈಲನ್ನು ಶೇರ್ಡ್ ಫೋಲ್ಡರಿನಿಂದ ಬಳಸುತ್ತಿದ್ದರೆ, ವಿಂಡೋಸ್ 10ರ 1803 ಆವೃತ್ತಿಯ ನಂತರ 'ಡೇಟಾಬೇಸ್ ಅಸ್ಥಿರ ಸ್ಥಿತಿಯಲ್ಲಿದೆ' ಎಂಬ ದೂರು ಬಹಳ ಕಡೆ ಶುರುವಾಯಿತು. ಫೈಲ್ ಇರುವ ಯಂತ್ರದ ರಿಜಿಸ್ಟ್ರಿಯಲ್ಲಿ, ಲ್ಯಾನ್‌ಮ್ಯಾನ್‌ಸರ್ವರ್‌ನ ಪ್ಯಾರಾಮೀಟರ್ಸ್ ಕೆಳಗೆ ಡಿಸೇಬಲ್‌ಲೀಸಿಂಗ್ ಎಂಬ ಬೆಲೆಯನ್ನು 1 ಮಾಡುವುದು ಅದಕ್ಕೆ ಮದ್ದು.

ಇದಕ್ಕಿಂತ ಗಂಭೀರವಾದದ್ದೊಂದಿದೆ, ಅದು ದಿನಾಂಕ. ವರ್ಷವನ್ನು ಎರಡೇ ಅಂಕೆಯಲ್ಲಿ ಬರೆಯುವ ತೆರೆಗಳಿದ್ದರೆ ವಿಂಡೋಸಿನ ರೀಜನ್ ಸೆಟ್ಟಿಂಗಿನಲ್ಲಿ ಕ್ಯಾಲೆಂಡರಿನ ವ್ಯಾಪ್ತಿ ನೋಡಿ. ಅದು 1930ರಿಂದ 2029 ಎಂದಿದ್ದರೆ 29 ಎಂದು ಬರೆದದ್ದು 2029 ಆಗುತ್ತದೆ, 30 ಎಂದು ಬರೆದದ್ದು 1930 ಆಗುತ್ತದೆ. 2030ಕ್ಕೆ ಮುಗಿಯುವ ಐದು ವರ್ಷದ ಠೇವಣಿಗಳನ್ನು ಜನ ಈಗಾಗಲೇ ಇಡುತ್ತಿದ್ದಾರೆ. ಇವತ್ತೇ ಒಂದು ಕ್ವೆರಿ ಓಡಿಸಿ: ಮುಕ್ತಾಯದ ದಿನಾಂಕ ಠೇವಣಿ ಇಟ್ಟ ದಿನಾಂಕಕ್ಕಿಂತ ಹಿಂದಿರುವ ಖಾತೆಗಳು ಎಷ್ಟಿವೆ? ಬದಲಾವಣೆಗೆ ಹೋಗಿ, ಬಿಡಿ, ಈ ಕೆಲಸ ಮಾತ್ರ ನಾಳೆಗೆ ಉಳಿಯಬಾರದು.

ಈಗ ಡೇಟಾ. ಫಾಂಟ್ ಸಂಕೇತದ ಕನ್ನಡ ಎಲ್ಲೆಲ್ಲಿ ಕಚ್ಚುತ್ತದೆ ಎಂಬುದನ್ನು ನಿತ್ಯ ಬಳಸುವವರು ತಿಳಿದಿದ್ದಾರೆ, ಕಾರಣ ಮಾತ್ರ ತಿಳಿದಿರುವುದಿಲ್ಲ. ಚನ್ನಪ್ಪನ ಖಾತೆ ಹುಡುಕಲು ಚ ಎಂದು ಒತ್ತಿದರೆ ಪಟ್ಟಿಯಲ್ಲಿ ದಯಾನಂದನೂ ಬರುತ್ತಾನೆ. ನುಡಿ ಸಂಕೇತದಲ್ಲಿ ಚ ಎಂದರೆ ಇಂಗ್ಲಿಷಿನ ದೊಡ್ಡ ಝಡ್, ದ ಎಂದರೆ ಸಣ್ಣ ಝಡ್. ಆಕ್ಸೆಸ್ ಆಗಲಿ, ಸಾಮಾನ್ಯ ಸೆಟ್ಟಿಂಗಿನಲ್ಲಿರುವ, ಮೈಕ್ರೋಸಾಫ್ಟಿನ ದೊಡ್ಡ ಡೇಟಾಬೇಸಾದ ಎಸ್‌ಕ್ಯುಎಲ್ ಸರ್ವರ್ ಆಗಲಿ ದೊಡ್ಡಕ್ಷರ-ಸಣ್ಣಕ್ಷರ ಭೇದ ಮಾಡುವುದಿಲ್ಲ. ಅವಕ್ಕೆ 'ಚಾರಿ' ಮತ್ತು 'ದಾರಿ' ಒಂದೇ ಪದ. ಹೆಸರಿನ ಮೇಲೆ ಯುನೀಕ್ ಇಂಡೆಕ್ಸ್ (ಒಂದೇ ಬೆಲೆ ಎರಡು ಸಲ ಬರಬಾರದೆಂಬ ಕಟ್ಟು) ಹಾಕಿದ್ದರೆ ಎರಡರಲ್ಲಿ ಒಂದಕ್ಕೆ ಪ್ರವೇಶವೇ ಸಿಗದು. ಅಕಾರಾದಿ ಪಟ್ಟಿ ಮಾಡಿದರೆ ಪೌಂಡ್ ಗುರುತಿನಿಂದ ಶುರುವಾಗುವ ನಕಾರದ ಹೆಸರುಗಳು, ಯೆನ್ ಗುರುತಿನ ಪಕಾರದ ಹೆಸರುಗಳು ಎಲ್ಲಕ್ಕಿಂತ ಮೊದಲು ಬಂದು, ಸಿ ಅಕ್ಷರದಲ್ಲಿ ಅಡಗಿರುವ ಅಕಾರದವು ಆಮೇಲೆ ಬರುತ್ತವೆ. ಸದಸ್ಯರಿಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಲು ಹೋದರೆ ಅವರ ಫೋನಿಗೆ ಪೌಂಡು, ಯೆನ್ನುಗಳೇ ತಲುಪುತ್ತವೆ. ಫಾಂಟಿಲ್ಲದ ಕಡೆ ಈ ಕನ್ನಡಕ್ಕೆ ಅಸ್ತಿತ್ವವೇ ಇಲ್ಲ.

ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿದೆ. ಹಾಗಾದರೆ ಡೇಟಾವನ್ನು ಮಾತ್ರ ಯುನಿಕೋಡ್ ಮಾಡಿ ಪ್ರೋಗ್ರಾಮನ್ನು ಹಾಗೇ ಬಿಡಬಹುದಲ್ಲ ಎನ್ನಿಸುತ್ತದೆ. ಗಂಟು ಇರುವುದು ಅಲ್ಲೇ. ವಿಬಿ6 ತನ್ನೊಳಗೆ ಪಠ್ಯವನ್ನು ಯುನಿಕೋಡಿನಲ್ಲೇ ಇಟ್ಟುಕೊಳ್ಳುತ್ತದೆ, ಆದರೆ ಅದರ ಟೆಕ್ಸ್ಟ್‌ಬಾಕ್ಸ್, ಲೇಬಲ್‌ಗಳು ತೆರೆಗೆ ಬರೆಯುವ ಮುನ್ನ ಅದನ್ನು ವಿಂಡೋಸಿನ ಹಳೆಯ ಕೋಡ್ ಪೇಜಿಗೆ, ಅಂದರೆ ಕೆಲವು ಭಾಷೆಗಳಿಗಷ್ಟೇ ಇರುವ ಸಣ್ಣ ಅಕ್ಷರಪಟ್ಟಿಗೆ, ಇಳಿಸುತ್ತವೆ. ರಷ್ಯನ್ನಿಗೆ, ಥಾಯ್‌ಗೆ, ಅರೇಬಿಕ್‌ಗೆ ಅಂಥ ಕೋಡ್ ಪೇಜ್ ಇದೆ. ಕನ್ನಡಕ್ಕೆ ವಿಂಡೋಸ್ ಎಂದೂ ಕೊಡಲಿಲ್ಲ. ಆದ್ದರಿಂದ ಯುನಿಕೋಡ್ ಕನ್ನಡ ವಿಬಿ6ರ ತೆರೆಯಲ್ಲಿ ಬರಿಯ ಪ್ರಶ್ನೆಚಿಹ್ನೆಗಳ ಸಾಲಾಗುತ್ತದೆ, ಹಾಗೇ ಸೇವ್ ಒತ್ತಿದರೆ ಡೇಟಾಬೇಸಿನಲ್ಲೂ ಪ್ರಶ್ನೆಚಿಹ್ನೆಯೇ ಉಳಿಯುತ್ತದೆ. ಅದನ್ನು ಮರಳಿ ಅಕ್ಷರ ಮಾಡುವ ದಾರಿಯಿಲ್ಲ, ಬ್ಯಾಕಪ್ಪೊಂದೇ ಗತಿ. ವಿಂಡೋಸಿನ ಭಾಷಾ ಸೆಟ್ಟಿಂಗಿನಲ್ಲಿ 'ಬೀಟಾ: ಯುಟಿಎಫ್-8' ಎಂಬ ಒಂದು ಟಿಕ್ ಇದೆ. ಇದಕ್ಕೆ ಅದೇ ಪರಿಹಾರ ಎಂದು ಯಾರಾದರೂ ಹೇಳಿದರೆ ಮುಟ್ಟಬೇಡಿ. ಹಳೆಯ ಫಾಂಟ್ ಸಂಕೇತ ಒಂದು ಚಿಹ್ನೆಗೆ ಒಂದು ಬೈಟ್ ಎಂಬ ಲೆಕ್ಕದ ಮೇಲೆ ನಿಂತಿದೆ, ಆ ಟಿಕ್ ಬಿದ್ದ ಕೂಡಲೇ ಲೆಕ್ಕ ತಪ್ಪುತ್ತದೆ.

ಹೀಗೆ ಡೇಟಾ ಬದಲಾಗದೆ ತೆರೆ ಬದಲಾಗದು, ತೆರೆ ಬದಲಾಗದೆ ಡೇಟಾ ಬದಲಾಗದು. ಬಹಳ ಮಂದಿ ಎರಡನ್ನೂ ಒಂದೇ ರಾತ್ರಿ ಮಾಡಲು ಹೋಗಿ ಸೋಲುವುದು ಇಲ್ಲಿಯೇ.

ನಾನು ಸೂಚಿಸುವುದು ಎರಡು ಕಾಲಮ್ಮುಗಳ ದಾರಿ. ಹೆಸರು, ತಂದೆಯ ಹೆಸರು, ವಿಳಾಸ, ಷರಾ, ಹೀಗೆ ಕನ್ನಡ ಇರುವ ಪ್ರತಿ ಕಾಲಮ್ಮಿನ ಪಕ್ಕ ಇನ್ನೊಂದು ಯುನಿಕೋಡ್ ಕಾಲಮ್ಮು ಸೇರಿಸಿ. ಹಳೆಯ ಪ್ರೋಗ್ರಾಮು ಹಳೆಯ ಕಾಲಮ್ಮನ್ನೇ ಓದಲಿ, ಬರೆಯಲಿ, ಪಕ್ಕದಲ್ಲೊಂದಿದೆ ಎಂಬುದು ಅದಕ್ಕೆ ತಿಳಿಯಬೇಕಿಲ್ಲ. ಒಂದೇ ಎಚ್ಚರ: ಕಾಲಮ್ಮಿನ ಹೆಸರು ಹೇಳದೆ ಸಾಲು ಸೇರಿಸುವ, ಅಥವಾ ಕಾಲಮ್ಮನ್ನು ಕ್ರಮಸಂಖ್ಯೆಯಿಂದ ಓದುವ ಕೋಡ್ ಎಲ್ಲಿದೆ ಎಂದು ಮೊದಲೇ ಹುಡುಕಿ ಸರಿಪಡಿಸಿ, ಹೊಸ ಕಾಲಮ್ಮುಗಳನ್ನು ಟೇಬಲ್ಲಿನ ಕೊನೆಗೇ ಹಾಕಿ. ರಾತ್ರಿ ಒಂದು ಸಣ್ಣ ಪ್ರೋಗ್ರಾಮು ಅಂದು ಬದಲಾದ ಸಾಲುಗಳನ್ನು ಪರಿವರ್ತಿಸಿ ಹೊಸ ಕಾಲಮ್ಮಿಗೆ ತುಂಬಲಿ. ಎಸ್‌ಎಂಎಸ್, ವೆಬ್ ವರದಿ, ಲೆಕ್ಕಪರಿಶೋಧಕರಿಗೆ ಕೊಡುವ ಎಕ್ಸೆಲ್ ಎಲ್ಲವೂ ಹೊಸ ಕಾಲಮ್ಮಿನಿಂದ ಹೋಗಲಿ. ತೆರೆಗಳನ್ನು ಆಮೇಲೆ ನಿಧಾನವಾಗಿ ಒಂದೊಂದಾಗಿ ಹೊಸ ವೇದಿಕೆಗೆ ಒಯ್ಯಬಹುದು. ಹೆಸರು ತಿದ್ದುವ ಕೊನೆಯ ತೆರೆ ಹೊಸದಕ್ಕೆ ಬರುವವರೆಗೂ ಪರಿವರ್ತನೆಯ ದಿಕ್ಕು ಹಳತರಿಂದ ಹೊಸದಕ್ಕೆ ಮಾತ್ರ. ಎರಡೂ ಕಡೆಯಿಂದ ತಿದ್ದಲು ಬಿಟ್ಟರೆ ಯಾವುದು ಸರಿ ಎಂದು ಹೇಳುವವರು ಯಾರೂ ಉಳಿಯುವುದಿಲ್ಲ.

ಪರಿವರ್ತನೆಯೂ ಅಕ್ಷರಕ್ಕೆ ಅಕ್ಷರ ಬದಲಿಸುವ ಸುಲಭದ ಕೆಲಸವಲ್ಲ. 'ಸೂರ್ಯ' ಪದವನ್ನೇ ತೆಗೆದುಕೊಳ್ಳಿ. ಫಾಂಟ್ ಸಂಕೇತದಲ್ಲಿ ಸೂ, ಯ, ಕೊನೆಗೆ ಅರ್ಕಾವತ್ತು. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ: ಸೂ, ಆಮೇಲೆ ರ್, ಆಮೇಲೆ ಯ. ಅರ್ಕಾವತ್ತನ್ನು ಹಿಂದಕ್ಕೆ ತಂದು ಕೂರಿಸುವಾಗ ನಡುವೆ ಗುಣಿತ ಚಿಹ್ನೆಯೂ ಒತ್ತೂ ಇದ್ದರೆ ಕಚ್ಚಾ ಪರಿವರ್ತಕಗಳು ಎಡವುತ್ತವೆ. ಇಂಗ್ಲಿಷ್ ಬೆರೆತ ಕಾಲಮ್ಮುಗಳು ಇನ್ನೂ ಕಷ್ಟ, ಯಾಕೆಂದರೆ ಯಾವ ಫಾಂಟಿನಲ್ಲಿ ಟೈಪಿಸಿದ್ದು ಎಂಬ ಮಾಹಿತಿ ಡೇಟಾಬೇಸಿನಲ್ಲಿ ಇರುವುದೇ ಇಲ್ಲ. 127ಕ್ಕಿಂತ ಮೇಲಿನ ಸಂಕೇತ ಒಂದೂ ಇಲ್ಲದಿದ್ದರೆ ಅದು ಇಂಗ್ಲಿಷ್ ಎಂಬ ನಿಯಮ ಬಹುಪಾಲು ಸರಿ, ಆದರೆ 'ಗಿರಿ' ಎಂಬ ಹೆಸರು ನುಡಿ ಸಂಕೇತದಲ್ಲಿ ದೊಡ್ಡ ವಿ, ಸಣ್ಣ ಜೆ, ಅಷ್ಟೇ. ಇಂಗ್ಲಿಷಿನ ಇನಿಷಿಯಲ್ಲಿನಂತೆಯೇ ಕಾಣುತ್ತದೆ. ಶ್ರೀಲಿಪಿಯಂಥ ಬೇರೆ ತಂತ್ರಾಂಶದಲ್ಲಿ ತುಂಬಿದ ಹಳೆಯ ಸಾಲುಗಳಿದ್ದರೆ ಅವುಗಳ ಸಂಕೇತವೇ ಬೇರೆ, ಅದಕ್ಕೆ ಬೇರೆ ಪರಿವರ್ತಕ ಬೇಕು.

ಪರೀಕ್ಷೆಗೆ ಒಳ್ಳೆಯ ಕ್ರಮವೊಂದಿದೆ. ಎಲ್ಲ ಕಾಲಮ್ಮುಗಳಿಂದ ಬಿಡಿ ಪದಗಳನ್ನು ಕಿತ್ತು, ಪುನರಾವರ್ತನೆ ತೆಗೆದು ಒಂದು ಪಟ್ಟಿ ಮಾಡಿ. ಅದನ್ನು ಯುನಿಕೋಡಿಗೆ ಪರಿವರ್ತಿಸಿ, ಮತ್ತೆ ಫಾಂಟ್ ಸಂಕೇತಕ್ಕೆ ಮರಳಿಸಿ, ಮೂಲದ ಜೊತೆ ಬೈಟಿಗೆ ಬೈಟ್ ಹೋಲಿಸಿ. ತಾಳೆಯಾಗದ ಪದಗಳನ್ನು ಮಾತ್ರ ಕನ್ನಡ ಚೆನ್ನಾಗಿ ಬಲ್ಲ ಸಿಬ್ಬಂದಿಯೊಬ್ಬರು ಕಣ್ಣಲ್ಲಿ ನೋಡಲಿ. ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಒಂದೇ ಥರ ಕಂಡರೂ ಒತ್ತು-ಗುಣಿತಗಳ ಕ್ರಮ ಅದಲುಬದಲಾಗಿ ಟೈಪಾದವು. ಊರ ಹೆಸರು, ಮನೆತನದ ಹೆಸರು ಗೊತ್ತಿರುವ ಹಿರಿಯ ಗುಮಾಸ್ತರಷ್ಟು ಈ ಕೆಲಸಕ್ಕೆ ತಕ್ಕವರು ಬೇರೆ ಇಲ್ಲ, ಅವರ ಸಮಯಕ್ಕೆ ಯೋಜನೆಯಲ್ಲೇ ಹಣ ತೆಗೆದಿಡಿ. ಯುನಿಕೋಡಿಗೆ ಬಂದ ಮೇಲೂ ಎರಡು ಬಲೆಗಳಿವೆ. 'ಕೊ' ಅಕ್ಷರದ ಗುಣಿತವನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಬಹುದು, ಆದ್ದರಿಂದ ಸೇವ್ ಮಾಡುವ ಮುನ್ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಸಂಕೇತದ ರೂಪಕ್ಕೆ, ತರಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕೆ ಸೊನ್ನೆ ಒತ್ತುವ ಅಭ್ಯಾಸ ಬಹಳ ಮಂದಿಗಿದೆ, ಅಕ್ಷರದ ನಂತರ ಬಂದ ಸೊನ್ನೆಯನ್ನು ಅನುಸ್ವಾರ ಮಾಡುವ ಒಂದು ಸಾಲಿನ ಕೋಡ್ ಬಹಳ ಹುಡುಕಾಟ ಉಳಿಸುತ್ತದೆ.

ಎಂಡಿಬಿಯಿಂದ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಹೋಗುವುದನ್ನು ತೆರೆಗಳನ್ನು ಮುಟ್ಟುವ ಮೊದಲೇ ಮಾಡಬಹುದು. ಎಂಡಿಬಿಯ ಮಿತಿ 2 ಜಿಬಿ, ಉಚಿತವಾದ ಎಕ್ಸ್‌ಪ್ರೆಸ್ 2022ರ ಮಿತಿ ಡೇಟಾಬೇಸಿಗೆ 10 ಜಿಬಿ. ಒಂದು ಸಂಘಕ್ಕೆ ಅದು ಧಾರಾಳ. ಡೇಟಾಬೇಸ್ ಎಲ್ಲಿದೆ ಎಂದು ಪ್ರೋಗ್ರಾಮಿಗೆ ಹೇಳುವ ಕನೆಕ್ಷನ್ ಸ್ಟ್ರಿಂಗ್ ಬದಲಿಸಿದರೆ ಮುಗಿಯಿತು ಎನ್ನುವವರ ಮಾತು ಕೇಳಬೇಡಿ. ಆಕ್ಸೆಸ್‌ನಲ್ಲಿ ನಿಜ ಎಂದರೆ ಮೈನಸ್ 1, ಇಲ್ಲಿ 1. ದಿನಾಂಕಕ್ಕೆ ಹಾಕುತ್ತಿದ್ದ ಹ್ಯಾಶ್ ಗುರುತು ಇಲ್ಲಿ ನಡೆಯದು. ಫಸ್ಟ್, ಲಾಸ್ಟ್ ಎಂಬ ಒಟ್ಟುಗೂಡಿಸುವ ಫಂಕ್ಷನ್‌ಗಳಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ರಶೀದಿ ಸಂಖ್ಯೆ: ಆಕ್ಸೆಸ್‌ನಲ್ಲಿ ಹೊಸ ಸಾಲು ಶುರು ಮಾಡಿದ ಕೂಡಲೇ ಆಟೋನಂಬರ್ ಸಿಗುತ್ತದೆ, ಅದನ್ನೇ ರಶೀದಿ ಮೇಲೆ ಹಾಕುವ ಕೋಡ್ ಬಹಳ ಕಡೆ ಇದೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಸಾಲು ಸೇರಿದ ಮೇಲಷ್ಟೇ ಸಂಖ್ಯೆ ಹುಟ್ಟುತ್ತದೆ. ಈ ಕೋಡನ್ನು ತಿದ್ದದಿದ್ದರೆ ರಶೀದಿಗಳು ಸಂಖ್ಯೆಯಿಲ್ಲದೆ ಅಚ್ಚಾಗುತ್ತವೆ. ಹಳೆಯ ಫಾಂಟ್ ಕಾಲಮ್ಮುಗಳಿಗೆ ಬೈನರಿ ಕೊಲೇಷನ್ (ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಯಾಗಿಯೇ ಹೋಲಿಸುವ ಕ್ರಮ) ಕೊಟ್ಟರೆ ಚನ್ನಪ್ಪ-ದಯಾನಂದರ ಗೊಂದಲ ಆ ದಿನವೇ ತೀರುತ್ತದೆ. ಯುನಿಕೋಡ್ ಕಾಲಮ್ಮಿನ ಬಗೆ ಎನ್‌ವಾರ್‌ಚಾರ್ ಆಗಿರಲಿ, ಕ್ವೆರಿಯಲ್ಲಿ ನೇರವಾಗಿ ಬರೆಯುವ ಕನ್ನಡ ಪಠ್ಯಕ್ಕೆ ಮೊದಲು ದೊಡ್ಡ ಎನ್ ಹಾಕಲು ಮರೆಯಬೇಡಿ. ಮರೆತರೆ ಮತ್ತೆ ಅದೇ ಪ್ರಶ್ನೆಚಿಹ್ನೆ.

ಇಷ್ಟೆಲ್ಲ ಯೋಚಿಸುವ ಮೊದಲು ನೋಡಬೇಕಾದದ್ದು ಇನ್ನೊಂದಿದೆ: ನಿಮ್ಮ ಬಳಿ ಇರುವ ಮೂಲ ಕೋಡಿನಿಂದಲೇ ಈಗ ಓಡುತ್ತಿರುವ ಪ್ರೋಗ್ರಾಮು ಬಂದದ್ದೇ? ವಿಂಡೋಸ್ 7 ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗಿನ ನಕಲಿ ಕಂಪ್ಯೂಟರ್) ಒಂದರಲ್ಲಿ ವಿಬಿ6, ಅದರ ಮೇಲೆ ಸರ್ವಿಸ್ ಪ್ಯಾಕ್ 6 ಹಾಕಿ, ಕೋಡನ್ನು ಕಂಪೈಲ್ ಮಾಡಿ, ಡೇಟಾದ ನಕಲಿನ ಮೇಲೆ ಒಂದು ಇಡೀ ದಿನದ ವ್ಯವಹಾರ ನಡೆಸಿ ನೋಡಿ. ಪ್ರಾಜೆಕ್ಟಿನ ವಿಬಿಪಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಬಳಸಿದ ಎಲ್ಲ ಓಸಿಎಕ್ಸ್, ಡಿಎಲ್‌ಎಲ್‌ಗಳ ಪಟ್ಟಿ ಸಿಗುತ್ತದೆ. ಅವುಗಳಲ್ಲಿ ಯಾವುದಕ್ಕೆ ಪರವಾನಗಿ ಕಳೆದಿದೆ, ಯಾವುದರ ಕಂಪನಿಯೇ ಮುಚ್ಚಿದೆ ನೋಡಿ. ಕೋಡೇ ಇಲ್ಲ ಎಂದಾದರೆ ಅದು ವಲಸೆಯಲ್ಲ, ಹೊಸದಾಗಿ ಬರೆಯುವ ಕೆಲಸ. ಅಂದಾಜು ಪೂರ್ತಿ ಬೇರೆ.

ಬಡ್ಡಿ ಲೆಕ್ಕದ ಬಗ್ಗೆ ಒಂದು ಉದಾಹರಣೆ ಕೊಡಲೇಬೇಕು. 12,500 ರೂಪಾಯಿಗೆ ಶೇ. 7.3ರಂತೆ 365 ದಿನದ ಲೆಕ್ಕದಲ್ಲಿ ದಿನಕ್ಕೆ ಎರಡೂವರೆ ರೂಪಾಯಿ, 45 ದಿನಕ್ಕೆ 112.50. ವಿಬಿ6ರ ರೌಂಡ್ ಫಂಕ್ಷನ್ ಇದನ್ನು 112 ಮಾಡುತ್ತದೆ, ಅರ್ಧ ಬಂದಾಗ ಅದು ಸಮಸಂಖ್ಯೆಯ ಕಡೆಗೆ ಹೋಗುತ್ತದೆ. ಅದೇ ವಿಬಿ6ರ ಫಾರ್ಮ್ಯಾಟ್ ಫಂಕ್ಷನ್ 113 ತೋರಿಸುತ್ತದೆ. ಎಸ್‌ಕ್ಯುಎಲ್ ಸರ್ವರಿನ ರೌಂಡ್ ಕೂಡ 113. ಒಂದು ಖಾತೆಗೆ ಒಂದು ರೂಪಾಯಿ ಸಣ್ಣದು, ಆದರೆ ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸಿನಲ್ಲಿ ಕೂಡದ ಮೊತ್ತಕ್ಕೆ ಕಾರಣ ಹುಡುಕುತ್ತ ರಾತ್ರಿ ಕಳೆಯುವ ಕಾರ್ಯದರ್ಶಿಗೆ ಅದು ಸಣ್ಣದಲ್ಲ. ಹೊಸ ಪ್ರೋಗ್ರಾಮು ಮೊದಲು ಹಳೆಯದು ಹೇಗೆ ಲೆಕ್ಕ ಹಾಕುತ್ತಿತ್ತೋ ಹಾಗೆಯೇ ಹಾಕಬೇಕು, ಅದು ತಪ್ಪೆನ್ನಿಸಿದರೂ. ಬದಲಿಸುವುದಿದ್ದರೆ ಬೈಲಾ ನೋಡಿ, ಆಡಳಿತ ಮಂಡಳಿಯ ಠರಾವಿನೊಂದಿಗೆ, ಒಂದು ನಿಶ್ಚಿತ ದಿನಾಂಕದಿಂದ ಬದಲಿಸಲಿ. ಹಳೆಯ, ಹೊಸ ಪ್ರೋಗ್ರಾಮುಗಳೆರಡನ್ನೂ ಜೊತೆಜೊತೆಯಾಗಿ ಕನಿಷ್ಠ ಒಂದು ತ್ರೈಮಾಸಿಕ ಓಡಿಸಿ, ಅದರೊಳಗೆ ಬಡ್ಡಿ ಜಮಾ ಮಾಡುವ ದಿನ ಒಂದಾದರೂ ಬರಲಿ, ಪ್ರತಿ ಖಾತೆಯ ಶಿಲ್ಕು ಹೋಲಿಸಿ. ಒಟ್ಟು ಮೊತ್ತ ಮಾತ್ರ ಹೋಲಿಸಿದರೆ ಸಾಲದು, ಒಂದರಲ್ಲಿ ಹೆಚ್ಚಾದದ್ದು ಇನ್ನೊಂದರಲ್ಲಿ ಕಡಿಮೆಯಾಗಿ ಒಟ್ಟು ಸರಿಹೋಗುತ್ತದೆ.

ಇದೇ ಹೊತ್ತಿಗೆ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಎಂಬ ಸಾಲು ಹಳೆಯ ಕೋಡಿನಲ್ಲಿ ಎಷ್ಟು ಕಡೆ ಇದೆ ಎಣಿಸಿಕೊಳ್ಳಿ. ತಪ್ಪಾದರೂ ಸದ್ದಿಲ್ಲದೆ ಮುಂದಿನ ಸಾಲಿಗೆ ಹೋಗು ಎಂದು ಅದರರ್ಥ. ಖರ್ಚು ಬರೆದು ಜಮಾ ಬರೆಯದೆ ಹೋದ ಹಳೆಯ ನಮೂದುಗಳು ವಲಸೆಯ ಹೊತ್ತಿನಲ್ಲಿ ಹೊರಬರುತ್ತವೆ, ಮತ್ತು ಎಲ್ಲರೂ ಹೊಸ ಸಾಫ್ಟ್‌ವೇರನ್ನೇ ದೂರುತ್ತಾರೆ. ಅಂಥ ನಮೂದುಗಳ ಪಟ್ಟಿಯನ್ನು ವಲಸೆಗೆ ಮೊದಲೇ ಮಾಡಿ ಸಹಿ ಹಾಕಿಸಿಟ್ಟುಕೊಳ್ಳಿ.

ಯಾವ ವೇದಿಕೆಗೆ ಹೋಗಬೇಕು? ಕೌಂಟರಿನ ಕೆಲಸ, ಪಾಸ್‌ಬುಕ್ ಪ್ರಿಂಟರ್, ನಾಲ್ಕೈದು ಯಂತ್ರ, ಇಷ್ಟೇ ಆದರೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರ ವಿನ್‌ಫಾರ್ಮ್ಸ್ (ವಿಂಡೋಸ್ ತೆರೆಗಳನ್ನು ಕಟ್ಟುವ ಸಾಧನ) ಸಾಕು. ಅದು ವಿಂಡೋಸಿನ ಭಾಗವಾಗಿ ಬೆಂಬಲ ಪಡೆಯುತ್ತದೆ. ಹೊಸ ಡಾಟ್‌ನೆಟ್‌ನ ದೀರ್ಘ ಬೆಂಬಲದ ಆವೃತ್ತಿಗಳಿಗೂ ಮೂರೇ ವರ್ಷದ ಆಯುಸ್ಸು. ಡಾಟ್‌ನೆಟ್ 8ರದ್ದು 2026ರ ನವೆಂಬರ್‌ವರೆಗೆ, ಡಾಟ್‌ನೆಟ್ 10ರದ್ದು 2028ರ ನವೆಂಬರ್‌ವರೆಗೆ. ಎರಡು-ಮೂರು ವರ್ಷಕ್ಕೊಮ್ಮೆ ಮೇಲೇರಿಸಲು ಕೈಯಲ್ಲಿ ಡೆವಲಪರ್ ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಬೇಡ. ಶಾಖೆಗಳು ಹೆಚ್ಚಿದ್ದರೆ ವೆಬ್ಬೇ ಸರಿ. ಭಾಷೆ ವಿಬಿ ಡಾಟ್‌ನೆಟ್ ಆಗಲಿ ಸಿ ಶಾರ್ಪ್ ಆಗಲಿ, ಕೋಡನ್ನು ಯಂತ್ರದಿಂದ ಪರಿವರ್ತಿಸುವ ಆಸೆ ಬಿಡಿ. ವಿಷುಯಲ್ ಸ್ಟುಡಿಯೋದೊಳಗಿನ ಅಪ್‌ಗ್ರೇಡ್ ವಿಝಾರ್ಡ್ 2008ರ ಆವೃತ್ತಿಗೇ ಮುಗಿಯಿತು, ಅದು ಉಗುಳುತ್ತಿದ್ದ ಕೋಡು ಆಮೇಲೆ ಕೈಬಿಟ್ಟ ಲೈಬ್ರರಿಯೊಂದರ ಮೇಲೆ ನಿಂತಿತ್ತು.

ಕೆಲವೊಮ್ಮೆ ಏನೂ ಮಾಡದಿರುವುದೇ ಸರಿ. ನಿಮ್ಮದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವಾಗಿದ್ದು, ಕೇಂದ್ರ ಸಂಪುಟ 2022ರಲ್ಲಿ ಒಪ್ಪಿದ 63,000 ಸಂಘಗಳ ಗಣಕೀಕರಣ ಯೋಜನೆಯ ಸಾಮಾನ್ಯ ತಂತ್ರಾಂಶಕ್ಕೆ ಸೇರುವುದಿದ್ದರೆ ಸ್ವಂತ ಪ್ರೋಗ್ರಾಮಿಗೆ ಹಣ ಸುರಿಯಬೇಡಿ. ಆದರೆ ಅಲ್ಲಿಗೆ ಡೇಟಾ ಒಯ್ಯುವಾಗಲೂ ಹೆಸರುಗಳ ಪರಿವರ್ತನೆ ತಪ್ಪಿದ್ದಲ್ಲ, ಮೇಲೆ ಹೇಳಿದ ಪದಪಟ್ಟಿಯ ಕೆಲಸ ವ್ಯರ್ಥವಾಗುವುದಿಲ್ಲ. ಹೊಸ ವ್ಯವಹಾರ ನಿಂತುಹೋಗಿ ಹಳೆಯ ಲೆಕ್ಕ ನೋಡಲಷ್ಟೇ ಬಳಸುವ ಪ್ರೋಗ್ರಾಮಾದರೆ ಅದನ್ನು ವರ್ಚುವಲ್ ಮೆಷಿನ್ನಿನಲ್ಲಿಟ್ಟು, ಇಂಟರ್ನೆಟ್ ಕಡಿದು, ಎರಡು ಕಡೆ ಪ್ರತಿ ಇಡಿ.

ಉಳಿದವರು ಬದಲಾವಣೆಯ ದಿನವಾಗಿ ಏಪ್ರಿಲ್ 1 ಆರಿಸಿಕೊಳ್ಳುವುದು ರೂಢಿ. ಲೆಕ್ಕಕ್ಕೆ ಅದು ಅನುಕೂಲ, ಸಿಬ್ಬಂದಿಗೆ ಅತ್ಯಂತ ಕಷ್ಟದ ವಾರ. ಜೋಡಿ ಓಟ ಚೆನ್ನಾಗಿ ನಡೆದಿದ್ದರೆ ಜುಲೈನ ಒಂದು ಭಾನುವಾರವೂ ಆಗುತ್ತದೆ. ಆ ದಿನ ಹಳೆಯ ಕಾಲಮ್ಮುಗಳನ್ನು ಅಳಿಸಬೇಡಿ, ಹೆಸರು ಬದಲಿಸಿ ಹಾಗೇ ಇಡಿ. ಮುಂದಿನ ಲೆಕ್ಕಪರಿಶೋಧನೆ ಮುಗಿಯುವವರೆಗೂ ಸದಸ್ಯರೊಬ್ಬರು ಕೌಂಟರಿಗೆ ಬಂದು 'ನನ್ನ ಹೆಸರು ತಪ್ಪಾಗಿದೆ' ಎಂದರೆ, ಪಾಸ್‌ಬುಕ್ಕಿನಲ್ಲಿ ಮೊದಲು ಹೇಗಿತ್ತು ಎಂದು ತೋರಿಸಲು ಆ ಕಾಲಮ್ಮು ಬೇಕಾಗುತ್ತದೆ.